ಲುಸರ್ನ್‌ಗೆ ಒಂದೇ ದಿನ: ಬೆಟ್ಟ ಒಂದು ಸಾಕು, ಸರೋವರ ಮಾತ್ರ ಬಿಡಬೇಡಿ

ಪ್ರಶ್ನೆ: ಜೂನ್ ಎರಡನೇ ವಾರ ಮಗಳ ಮನೆಗೆಂದು ಜೂರಿಕ್‌ಗೆ ಹೋಗುತ್ತಿದ್ದೇವೆ. ನಾವಿಬ್ಬರೂ ಅರವತ್ತು ದಾಟಿದವರು, ಸಸ್ಯಾಹಾರಿಗಳು, ನಮ್ಮ ಯಜಮಾನರಿಗೆ ಮಂಡಿನೋವಿದೆ. ಮಗಳಿಗೆ ಸಿಗುವುದು ಒಂದೇ ದಿನ ರಜೆ. ಆ ದಿನ ಲುಸರ್ನ್‌ಗೆ ಹೋಗೋಣ ಎಂದಿದ್ದಾಳೆ. ಪರಿಚಯದವರು ಕೊಟ್ಟ ಪಟ್ಟಿಯಲ್ಲಿ ಟಿಟ್ಲಿಸ್, ಪಿಲಾಟಸ್, ರಿಗಿ, ಮರದ ಸೇತುವೆ, ಸಿಂಹದ ಶಿಲ್ಪ, ಮ್ಯೂಸಿಯಂ ಎಲ್ಲ ಇವೆ. ಒಂದು ದಿನದಲ್ಲಿ ಎಷ್ಟು ಆಗುತ್ತದೆ? ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಳ್ಳಬೇಕಾ?

ಉತ್ತರ: ಮೊದಲು ಆ ಪಟ್ಟಿಯಿಂದ ಎರಡು ಬೆಟ್ಟ ಹೊಡೆದುಹಾಕಿ. ಉಳಿಯುವುದು ರಿಗಿ. ಯಾಕೆ ಅಂತ ಹೇಳುತ್ತೇನೆ.

ಲುಸರ್ನ್‌ಗೆ ಬರುವ ನಮ್ಮ ಕಡೆಯವರಲ್ಲಿ ಜಾಸ್ತಿ ಜನ ಸರೋವರವನ್ನು ದಡದಲ್ಲಿ ನಿಂತು ಫೋಟೋ ತೆಗೆದು ಮುಗಿಸುತ್ತಾರೆ. ಸೇತುವೆ ಹತ್ತಿರ ಅರ್ಧ ಗಂಟೆ, ವಾಚಿನ ಅಂಗಡಿಯಲ್ಲಿ ಒಂದು ಗಂಟೆ, ಆಮೇಲೆ ಬಸ್ ಹತ್ತಿ ಟಿಟ್ಲಿಸ್. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ಆ ಊರು ಹುಟ್ಟಿದ್ದೇ ಸರೋವರದಿಂದ. ರಾಯ್ಸ್ ನದಿ ಸರೋವರ ಬಿಟ್ಟು ಹೊರಡುವ ಬಾಯಲ್ಲೇ ಊರು ಕೂತಿದೆ, ದಕ್ಷಿಣದ ಗೋಟ್‌ಹಾರ್ಡ್ ಕಣಿವೆಯಿಂದ ಬರುತ್ತಿದ್ದ ಸರಕೆಲ್ಲ ಒಂದು ಕಾಲಕ್ಕೆ ದೋಣಿಯಲ್ಲೇ ಇಲ್ಲಿಗೆ ಬಂದು ಇಳಿಯುತ್ತಿತ್ತು, ಸುತ್ತಲಿನ ಹಳ್ಳಿಗಳಿಗೂ ಬೆಟ್ಟಗಳಿಗೂ ಇವತ್ತಿಗೂ ಚೆಂದದ ದಾರಿ ನೀರಿನ ಮೇಲಿನದೇ. ಹಾಗಾಗಿ ಒಂದೇ ದಿನ ಇದ್ದರೆ ಆ ದಿನದ ನಡುವೆ ಬೋಟು ಇರಬೇಕು. ರಿಗಿಗೆ ಹೋಗುವ ದಾರಿಯೇ ಬೋಟು. ಅದಕ್ಕೇ ರಿಗಿ.

ಟಿಟ್ಲಿಸ್ ಕೆಟ್ಟ ಜಾಗ ಅಲ್ಲ. ಜೂನ್‌ನಲ್ಲೂ ಹಿಮ ಮುಟ್ಟಬೇಕು ಅನ್ನುವವರಿಗೆ ಅದೇ ಸರಿ. ಆದರೆ ಲುಸರ್ನ್‌ನಿಂದ ಎಂಗಲ್‌ಬರ್ಗ್‌ಗೆ ಮುಕ್ಕಾಲು ಗಂಟೆ ರೈಲು, ಅಲ್ಲಿಂದ ಕೇಬಲ್ ಕಾರು, ಮೇಲೆ 3,020 ಮೀಟರ್ ಎತ್ತರ. ಅರವತ್ತು ದಾಟಿದವರಿಗೆ ಅಷ್ಟು ಎತ್ತರಕ್ಕೆ ಸರ್ರನೆ ಏರಿದರೆ ಕೆಲವೊಮ್ಮೆ ತಲೆ ಭಾರವಾಗುತ್ತದೆ, ಉಸಿರು ಬೇಗ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ದಿನದ ಮುಕ್ಕಾಲು ಪಾಲು ಅದೇ ನುಂಗುತ್ತದೆ. ಅಲ್ಲಿಗೆ ಲುಸರ್ನ್ ನೋಡಿದ ಹಾಗಾಗಲಿಲ್ಲ, ಅಲ್ವಾ?

ಪಿಲಾಟಸ್ ವಿಷಯದಲ್ಲಿ ಆಯ್ಕೆ ಸ್ವಲ್ಪ ಕಷ್ಟ. 1889ರಲ್ಲಿ ಶುರುವಾದ ಅದರ ಹಲ್ಲುಹಳಿ ರೈಲು ಪ್ರಪಂಚದಲ್ಲೇ ಅತಿ ಕಡಿದಾದದ್ದು, ಕೆಲವು ಕಡೆ ಶೇಕಡಾ 48ರಷ್ಟು ಏರು. ಕಿಟಕಿ ಪಕ್ಕ ಕೂತರೆ ಎದೆ ಝಲ್ಲೆನ್ನುತ್ತದೆ. ಮೇಲಿನ ನೋಟವೂ ದೊಡ್ಡದು, ಎತ್ತರ 2,100 ಮೀಟರ್ ದಾಟುತ್ತದೆ. ಇನ್ನೂ ಎರಡು ದಿನ ಇದ್ದಿದ್ದರೆ ಹೋಗಿ ಅನ್ನುತ್ತಿದ್ದೆ. ಆದರೆ ಪಿಲಾಟಸ್ ಮೇಲೆ ಕಲ್ಲು ಜಾಸ್ತಿ, ಮೆಟ್ಟಿಲು ಜಾಸ್ತಿ. ರಿಗಿ ಹಸಿರು ಬೆಟ್ಟ. ದನಗಳು ಮೇಯುತ್ತಿರುತ್ತವೆ, ಹುಲ್ಲಿನ ನಡುವೆ ಬೆಂಚು ಹಾಕಿದ್ದಾರೆ, ಎಲ್ಲಿ ಬೇಕಾದರೂ ಕೂತು ಬುತ್ತಿ ಬಿಚ್ಚಬಹುದು. ಮಂಡಿನೋವಿರುವವರಿಗೆ ಇದಕ್ಕಿಂತ ಒಳ್ಳೆ ಬೆಟ್ಟ ಆ ಸುತ್ತಿನಲ್ಲಿ ಇಲ್ಲ.

ಈಗ ದಿನ ಹೇಗೆ ಹೊಂದಿಸಬೇಕು ಅಂತ ನೋಡೋಣ. ಬೆಳಿಗ್ಗೆ ಬೆಟ್ಟ, ಸಂಜೆ ಊರು. ಇದನ್ನು ಉಲ್ಟಾ ಮಾಡಬೇಡಿ. ಜೂನ್‌ನಲ್ಲಿ ಬೆಳಿಗ್ಗೆ ತಿಳಿಯಾಗಿದ್ದ ಆಕಾಶಕ್ಕೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರುವುದು ಮಾಮೂಲು. ಊರಿನ ಕಥೆ ತದ್ವಿರುದ್ಧ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಟೂರಿಸ್ಟ್ ಬಸ್ಸುಗಳ ಜನ ತುಂಬಿರುತ್ತಾರೆ, ಆರು ಗಂಟೆ ಆಯಿತೆಂದರೆ ಸೇತುವೆಯೂ ಸಿಂಹವೂ ನಿಮ್ಮ ಪಾಲಿಗೆ ಸಿಗುತ್ತವೆ. ಜೂನ್‌ನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ.

ಜೂರಿಕ್‌ನ ಮುಖ್ಯ ನಿಲ್ದಾಣದಿಂದ ಲುಸರ್ನ್‌ಗೆ ಅರ್ಧ ಗಂಟೆಗೊಂದು ನೇರ ರೈಲಿದೆ, ಮುಕ್ಕಾಲು ಗಂಟೆ ಚಿಲ್ಲರೆ ಪ್ರಯಾಣ. ಸೀಟು ಕಾಯ್ದಿರಿಸುವ ತಾಪತ್ರಯ ಇಲ್ಲ. ಏಳೂವರೆ ಸುಮಾರಿನ ರೈಲು ಹಿಡಿಯಿರಿ, ಎಡಗಡೆ ಕೂತರೆ ತ್ಸುಗ್ ಊರು ದಾಟಿದ ಮೇಲೆ ಅದರ ಸರೋವರ ಕಾಣುತ್ತದೆ. ಮನೆ ಬಿಡುವ ಮುಂಚೆ ಮಗಳಿಗೆ ಒಂದು ಕೆಲಸ ಹೇಳಿ: ರಿಗಿ ಕುಲ್ಮ್‌ನ ವೆಬ್‌ಕ್ಯಾಮ್ ತೆಗೆದು ನೋಡಲಿ. ಕುಲ್ಮ್ ಅಂದರೆ ತುದಿಯ ನಿಲ್ದಾಣ. ಹವಾಮಾನದ ಆಪ್‌ನಲ್ಲಿ ಲುಸರ್ನ್ ಊರಿನದು ನೋಡಿದರೆ ಮೋಸ ಹೋಗುತ್ತೀರಿ, ಕೆಳಗೆ ಮೋಡ ಕವಿದಿದ್ದರೂ ಮೇಲೆ ಬಿಸಿಲಿರಬಹುದು, ಕೆಳಗೆ ಬಿಸಿಲಿದ್ದರೂ ತುದಿ ಮೋಡದೊಳಗೆ ಮುಚ್ಚಿಹೋಗಿರಬಹುದು. ಕ್ಯಾಮೆರಾದಲ್ಲಿ ಬರೀ ಬಿಳಿ ಕಂಡರೆ ಬೆಟ್ಟ ಬಿಟ್ಟುಬಿಡಿ. ಆಗ ಏನು ಮಾಡಬೇಕು ಅಂತ ಮುಂದೆ ಹೇಳಿದ್ದೇನೆ.

ಲುಸರ್ನ್ ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೆ ಒಂಟಿಯಾಗಿ ನಿಂತ ದೊಡ್ಡ ಕಲ್ಲಿನ ಕಮಾನು ಕಾಣುತ್ತದೆ. ಹಳೆಯ ನಿಲ್ದಾಣದ ಮಹಾದ್ವಾರ ಅದು. 1971ರಲ್ಲಿ ಬೆಂಕಿ ಬಿದ್ದು ನಿಲ್ದಾಣ ಸುಟ್ಟುಹೋಯಿತು, ಇದನ್ನು ಉಳಿಸಿಕೊಂಡರು. ಅದರ ಆಚೆಗೇ ಬೋಟಿನ ಕಟ್ಟೆಗಳು. ಐದು ನಿಮಿಷದ ನಡಿಗೆಯೂ ಇಲ್ಲ. ಅಲ್ಲಿ ಕಾಲಕ್ಷೇಪದ ಸುತ್ತು ಹಾಕಿಸುವ ಬೋಟುಗಳೂ ಇರುತ್ತವೆ, ಒಂದು ಗಂಟೆ ತಿರುಗಿಸಿ ಮತ್ತೆ ಅಲ್ಲೇ ತಂದು ಬಿಡುತ್ತವೆ. ಅದು ನಿಮಗೆ ಬೇಡ. ಫಿಟ್ಸ್‌ನಾವ್ ಎಂಬ ಹಳ್ಳಿಗೆ ಹೋಗುವ ಮಾಮೂಲಿ ಬೋಟು ಹತ್ತಿ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಲಾಂಚ್ ಓಡುತ್ತಿತ್ತಲ್ಲ, ಹಾಗೆ ಊರಿಂದೂರಿಗೆ ವೇಳಾಪಟ್ಟಿ ಪ್ರಕಾರ ಓಡುವ ಸಾರಿಗೆ ಅದು.

ಸಾಧ್ಯವಾದರೆ ಸ್ಟೀಮರ್ ಬರುವ ಹೊತ್ತು ನೋಡಿ ಹತ್ತಿ, ವೇಳಾಪಟ್ಟಿಯಲ್ಲಿ ಅದಕ್ಕೆ ಬೇರೆ ಗುರುತು ಇರುತ್ತದೆ. ಉಗಿಯಲ್ಲಿ ಓಡುವ, ಪಕ್ಕದಲ್ಲಿ ಚಕ್ರ ತಿರುಗುವ ಐದು ಹಡಗುಗಳು ಈ ಸರೋವರದಲ್ಲಿ ಇನ್ನೂ ಇವೆ. ಎಲ್ಲಕ್ಕಿಂತ ಹಳೆಯದು ‘ಊರಿ’ ಎಂಬ ಹಡಗು, 1901ರದು, ಕೊನೆಯದಾದ ಸ್ಟಾಟ್ ಲುಸರ್ನ್ 1928ರದು. ಹತ್ತಿದ ತಕ್ಷಣ ಎಲ್ಲರೂ ಮೇಲಿನ ಡೆಕ್‌ಗೆ ಓಡುತ್ತಾರೆ. ನೀವು ಮೊದಲು ಕೆಳಗಿನ ಡೆಕ್ಕಿನ ನಡುಭಾಗಕ್ಕೆ ಹೋಗಿ. ಅಲ್ಲಿ ಇಂಜಿನ್ ಇರುವ ಗುಂಡಿಯ ಸುತ್ತ ಕಟಕಟೆ ಇದೆ, ಬಗ್ಗಿ ನೋಡಬಹುದು. ಮನುಷ್ಯರ ತೊಡೆಗಿಂತ ದಪ್ಪದ ಉಕ್ಕಿನ ತೋಳುಗಳು ಎಣ್ಣೆ ಮಿಂಚಿಸುತ್ತಾ ಹಿಂದೆ ಮುಂದೆ ಆಡುತ್ತಿರುತ್ತವೆ, ಹಿತ್ತಾಳೆಯ ಬಟ್ಟಲುಗಳಿಂದ ಎಣ್ಣೆ ಇಳಿಯುತ್ತಿರುತ್ತದೆ, ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬರುತ್ತದೆ. ಹಡಗು ಕಟ್ಟೆ ಹತ್ತಿರ ಬಂದಾಗ ಅಲ್ಲೇ ನಿಂತಿರಿ. ಮೇಲಿನಿಂದ ಆದೇಶ ಬರುತ್ತದೆ, ಇಂಜಿನ್ ಮುಂದಿನ ಮನುಷ್ಯ ಗಾಲಿ ತಿರುಗಿಸುತ್ತಾನೆ, ಆ ದೊಡ್ಡ ತೋಳುಗಳು ಒಂದು ಕ್ಷಣ ನಿಂತು ಉಲ್ಟಾ ತಿರುಗಲು ಶುರುಮಾಡುತ್ತವೆ. ನೂರು ವರ್ಷಕ್ಕೂ ಮೀರಿದ ಯಂತ್ರ ಅಷ್ಟು ಮೃದುವಾಗಿ ಹೇಳಿದ ಮಾತು ಕೇಳುವುದನ್ನು ನೋಡುವುದೇ ಒಂದು ಸುಖ. ಆಮೇಲೆ ಮೇಲೆ ಹೋಗಿ ಕೂತುಕೊಳ್ಳಿ. ಬೋಟು ಅಲ್ಲಾಡುವುದು ಕಡಿಮೆ, ಆದರೆ ಗಾಳಿ ತಣ್ಣಗಿರುತ್ತದೆ, ಒಂದು ಸ್ವೆಟರ್ ಕೈಯಲ್ಲಿರಲಿ.

ಒಂದು ಗಂಟೆಯಲ್ಲಿ ಫಿಟ್ಸ್‌ನಾವ್. ಕಟ್ಟೆ ಎದುರಿಗೇ ಕೆಂಪು ಬಣ್ಣದ ಬೆಟ್ಟದ ರೈಲು ಕಾಯುತ್ತಿರುತ್ತದೆ. ಬೋಟು ಇಳಿದ ಜನ ಒಟ್ಟಿಗೇ ನುಗ್ಗುತ್ತಾರೆ, ಆದ್ದರಿಂದ ಬೋಟು ದಡ ಮುಟ್ಟುವ ಸ್ವಲ್ಪ ಮುಂಚೆಯೇ ಬಾಗಿಲ ಹತ್ತಿರ ಬಂದು ನಿಂತಿರಿ. ಹತ್ತಿದ ಮೇಲೆ ಎಡಗಡೆ ಸೀಟು. ಸರೋವರ ಆ ಕಡೆಗೇ.

ಈ ರೈಲಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1871ರ ಮೇ 21ರಂದು ಇದು ಓಡಲು ಶುರುವಾಯಿತು, ಯುರೋಪಿನ ಮೊದಲ ಬೆಟ್ಟದ ರೈಲು. ಹಳಿಗಳ ನಡುವೆ ಏಣಿಯಂಥ ಕಬ್ಬಿಣ ಮಲಗಿಸಿ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುವ ಹಾಗೆ ಮಾಡಿದವನು ನಿಕ್ಲಾಸ್ ರಿಗೆನ್‌ಬಾಕ್. ಅವನೇ 1882ರಲ್ಲಿ ನಮ್ಮ ನೀಲಗಿರಿಗೂ ಬಂದು ಕೂನೂರಿಗೆ ಹೀಗೇ ರೈಲು ಹಾಕುವ ಯೋಜನೆ ಕೊಟ್ಟಿದ್ದ. ಕೊನೆಗೆ ಮೆಟ್ಟುಪಾಳ್ಯಂನಿಂದ ಕೂನೂರಿಗೆ ಬಂದದ್ದು ರೋಮನ್ ಆಪ್ಟ್ ಎಂಬವನ ಹಲ್ಲುಹಳಿ, ಆ ಆಪ್ಟ್ ಕೂಡ ರಿಗೆನ್‌ಬಾಕ್‌ನ ಕೈಕೆಳಗೆ ಕೆಲಸ ಮಾಡಿದ್ದವನೇ. ನೀವು ಊಟಿ ರೈಲು ಹತ್ತಿದ್ದರೆ ಅದರ ಹಿರಿಯಣ್ಣನನ್ನು ಇಲ್ಲಿ ನೋಡುತ್ತೀರಿ.

ಅರ್ಧ ಗಂಟೆ ಏರಿದರೆ ರಿಗಿ ಕುಲ್ಮ್. ನಿಲ್ದಾಣದಿಂದ ತುದಿಗೆ ಹತ್ತು ನಿಮಿಷದ ಏರುದಾರಿ, ನಿಧಾನವಾಗಿ ಹೋದರೆ ಮಂಡಿನೋವಿದ್ದರೂ ಆಗುತ್ತದೆ. ಆಗದಿದ್ದರೂ ಬೇಜಾರಿಲ್ಲ, ನಿಲ್ದಾಣದ ಹತ್ತಿರದಿಂದಲೇ ನೋಟ ಚೆನ್ನಾಗಿದೆ. ತುದಿಯ ಎತ್ತರ 1,798 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತಲೂ ಕಡಿಮೆ, ಉಸಿರಾಟದ ಚಿಂತೆ ಬೇಡ. ಒಂದು ಕಡೆ ತ್ಸುಗ್ ಸರೋವರ, ಇನ್ನೊಂದು ಕಡೆ ಲುಸರ್ನ್ ಸರೋವರದ ಕೈಕಾಲುಗಳು, ದಕ್ಷಿಣಕ್ಕೆ ಉದ್ದಕ್ಕೂ ಆಲ್ಪ್ಸ್‌ನ ಹಿಮದ ಸಾಲು. ಇಲ್ಲಿ ಒಂದೂವರೆ ಗಂಟೆಯಾದರೂ ಕೂತಿರಿ. ಊಟವೂ ಇಲ್ಲೇ ಆಗಲಿ.

ಊಟದ ಮಾತು. ಮನೆಯಿಂದ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಬನ್ನಿ. ಬೆಟ್ಟದ ಮೇಲೆ ಬುತ್ತಿ ತಿನ್ನುವುದು ಸ್ವಿಸ್ ಜನರಿಗೂ ದಿನನಿತ್ಯದ ಅಭ್ಯಾಸ, ಯಾರೂ ತಿರುಗಿ ನೋಡುವುದಿಲ್ಲ. ಹೋಟೆಲ್ ಊಟ ದುಬಾರಿ, ಸಸ್ಯಾಹಾರ ಅಂದರೆ ಬಹಳಷ್ಟು ಕಡೆ ಚೀಸ್ ಮತ್ತು ಆಲೂಗಡ್ಡೆಗೆ ಮುಗಿಯುತ್ತದೆ. ಚೀಸ್ ಬಗ್ಗೆ ಕಟ್ಟುನಿಟ್ಟಿನವರು ಒಂದು ವಿಷಯ ತಿಳಿದಿರಬೇಕು: ಗ್ರುಯೇರ್‌ನಂಥ ಸಾಂಪ್ರದಾಯಿಕ ಸ್ವಿಸ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮಗೆ ಅದು ನಡೆಯದು ಅಂದರೆ ಸೂಪರ್ ಮಾರ್ಕೆಟ್‌ನಲ್ಲಿ ಸಸ್ಯಾಹಾರದ ವಿ ಗುರುತಿರುವ ಪೊಟ್ಟಣವನ್ನೇ ಹುಡುಕಿ. ನೀರು ಮಾತ್ರ ಕೊಳ್ಳಲೇಬೇಡಿ. ಊರಿನ ಚೌಕಗಳಲ್ಲಿ ಹರಿಯುವ ಕಾರಂಜಿ ನೀರು ಕುಡಿಯಲು ಯೋಗ್ಯ, ಕುಡಿಯಬಾರದ ಕಡೆ ಬೋರ್ಡು ಇರುತ್ತದೆ. ಬಾಟಲಿ ಕೈಯಲ್ಲಿದ್ದರೆ ಸಾಕು.

ಇಳಿಯಲು ಎರಡು ದಾರಿ ಇವೆ. ನಡುವಿನ ನಿಲ್ದಾಣ ಕಾಲ್ಟ್‌ಬಾಡ್‌ವರೆಗೆ ರೈಲಿನಲ್ಲಿ ಇಳಿದು ಅಲ್ಲಿಂದ ಕೇಬಲ್ ಕಾರಿನಲ್ಲಿ ವೆಗ್ಗಿಸ್, ಮತ್ತೆ ಬೋಟು. ಹೊಸ ದಾರಿ ನೋಡಿದಂತಾಗುತ್ತದೆ ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಬಹಳ ಜನರಿಗೆ ಇದನ್ನೇ ಹೇಳುತ್ತೇನೆ. ಆದರೆ ವೆಗ್ಗಿಸ್‌ನಲ್ಲಿ ಕೇಬಲ್ ಕಾರಿನಿಂದ ಬೋಟಿನ ಕಟ್ಟೆಗೆ ಕಾಲು ಗಂಟೆ ಇಳಿಜಾರಿನಲ್ಲಿ ನಡೆಯಬೇಕು, ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ನೀವು ಬಂದ ದಾರಿಯಲ್ಲೇ ಫಿಟ್ಸ್‌ನಾವ್‌ಗೆ ಇಳಿದು ಬೋಟು ಹತ್ತಿ. ಹಿಂದಕ್ಕೆ ಬರುವಾಗ ಪಿಲಾಟಸ್ ಎದುರಿಗೇ ಎದ್ದು ನಿಲ್ಲುತ್ತದೆ, ಹೋಗುವಾಗ ಕಾಣದ ಸರೋವರ ಈಗ ಕಾಣುತ್ತದೆ.

ಮೂರೂವರೆ, ನಾಲ್ಕಕ್ಕೆ ಊರಿಗೆ ಬಂದಿರುತ್ತೀರಿ. ಬಿಸಿಲು ಜೋರಾಗಿದ್ದರೆ, ಅಥವಾ ಸುಮ್ನೆ ಒಂದು ಕಡೆ ಒಳಗೆ ಕೂರೋಣ ಅನ್ನಿಸಿದರೆ, ಸಿಂಹದ ಶಿಲ್ಪದ ಹತ್ತಿರವೇ ಇರುವ ಬೂರ್ಬಾಕಿ ಪನೋರಮಾಗೆ ಹೋಗಿ. ನಮ್ಮ ಜನ ಇದನ್ನು ನೋಡುವುದು ತೀರಾ ಕಡಿಮೆ, ಆದರೆ ಲುಸರ್ನ್‌ನಲ್ಲಿ ಕಟ್ಟಡದೊಳಗೆ ನೋಡುವ ಒಂದೇ ವಸ್ತು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಸುಮಾರು 112 ಮೀಟರ್ ಉದ್ದ, 10 ಮೀಟರ್ ಎತ್ತರದ ಒಂದೇ ಚಿತ್ರ, ದುಂಡಗೆ ಸುತ್ತುವರಿದು ನಿಂತಿದೆ, ನೀವು ನಡುವೆ ನಿಂತು ನೋಡಬೇಕು. 1871ರ ಚಳಿಗಾಲದಲ್ಲಿ ಪ್ರಷ್ಯಾದ ಎದುರು ಸೋತ ಜನರಲ್ ಬೂರ್ಬಾಕಿಯ ಫ್ರೆಂಚ್ ಸೈನ್ಯ, 87,000 ಜನ, ಹಿಮದಲ್ಲಿ ಕಾಲೆಳೆದುಕೊಂಡು ಸ್ವಿಸ್ ಗಡಿ ದಾಟಿ ಆಶ್ರಯ ಕೇಳಿತು. ಅದರದೇ ಚಿತ್ರ. ಗಡಿಯಲ್ಲಿ ಬಂದೂಕು ಒಪ್ಪಿಸಿ ರಾಶಿ ಹಾಕುತ್ತಿದ್ದಾರೆ, ಕುದುರೆಗಳು ಕುಸಿದು ಬಿದ್ದಿವೆ, ಹಳ್ಳಿಯವರು ತಿನ್ನಲು ಕೊಡುತ್ತಿದ್ದಾರೆ. ಬಿಡಿಸಿದ ಎದುವಾರ್ ಕಾಸ್ತ್ರೆ ಆ ಯುದ್ಧದಲ್ಲಿ ರೆಡ್ ಕ್ರಾಸ್ ಸ್ವಯಂಸೇವಕನಾಗಿದ್ದವನು, ಕಣ್ಣಾರೆ ಕಂಡದ್ದನ್ನೇ 1881ರಲ್ಲಿ ಸಹಾಯಕರನ್ನು ಇಟ್ಟುಕೊಂಡು ಬಿಡಿಸಿದ. ಅದರಲ್ಲಿ ಗೆಲುವಿನ ಮೆರವಣಿಗೆ ಎಲ್ಲೂ ಇಲ್ಲ. ಚಿತ್ರದ ಮುಂದೆ ನಿಜವಾದ ಗಾಡಿ, ಬೊಂಬೆಗಳನ್ನು ಇಟ್ಟಿದ್ದಾರೆ, ಎಲ್ಲಿ ನೆಲ ಮುಗಿದು ಎಲ್ಲಿ ಬಣ್ಣ ಶುರುವಾಯಿತು ಅಂತ ಗೊತ್ತಾಗುವುದು ಕಷ್ಟ.

ಅಲ್ಲಿಂದ ಸಿಂಹಕ್ಕೆ ಎರಡೇ ಹೆಜ್ಜೆ. ಬಂಡೆಯ ಗೋಡೆಯಲ್ಲೇ ಕೆತ್ತಿದ, ಹತ್ತು ಮೀಟರ್ ಉದ್ದದ ಸಾಯುತ್ತಿರುವ ಸಿಂಹ. 1792ರ ಆಗಸ್ಟ್ 10ರಂದು ಪ್ಯಾರಿಸ್‌ನ ಅರಮನೆ ಕಾಯುತ್ತಾ ಸತ್ತ ಸ್ವಿಸ್ ಸೈನಿಕರ ನೆನಪಿಗೆ ಮಾಡಿದ್ದು. ಆ ದಿನ ರಜೆಯ ಮೇಲೆ ಊರಲ್ಲಿದ್ದದ್ದರಿಂದ ಬದುಕಿಕೊಂಡ ಒಬ್ಬ ಅಧಿಕಾರಿ, ಕಾರ್ಲ್ ಪ್ಫೀಫರ್, ಹಣ ಕೂಡಿಸಿ ಇದನ್ನು ಮಾಡಿಸಿದ. ನಕ್ಷೆ ಡೆನ್ಮಾರ್ಕಿನ ಶಿಲ್ಪಿ ಟೋರ್ವಾಲ್ಡ್‌ಸನ್‌ದು, ಕೆತ್ತಿದವನು ಲೂಕಾಸ್ ಆಹೋರ್ನ್, 1821ರಲ್ಲಿ ಮುಗಿಯಿತು. ಹತ್ತಿರದಿಂದ ನೋಡಿ: ಪಕ್ಕೆಯಲ್ಲಿ ಮುರಿದ ಈಟಿ ಹಾಗೇ ಇದೆ, ಪಂಜ ಮಾತ್ರ ಫ್ರಾನ್ಸ್ ದೊರೆಯ ಗುರಾಣಿಯ ಮೇಲಿದೆ. ಸಾಯುವಾಗಲೂ ಅದನ್ನು ಬಿಟ್ಟಿಲ್ಲ. ನೋಡಲು ದುಡ್ಡಿಲ್ಲ.

ಸೇತುವೆಗಳಿಗೆ ಆರರ ಮೇಲೆ ಹೋಗಿ. ಎಲ್ಲರೂ ಫೋಟೋ ತೆಗೆಯುವುದು ಹದಿನಾಲ್ಕನೇ ಶತಮಾನದ ಚಾಪೆಲ್ ಸೇತುವೆ, ನೀರಿನ ನಡುವೆ ಎಂಟು ಮೂಲೆಯ ಗೋಪುರ ಇರುವುದು. ಒಳಗೆ ನಡೆಯುವಾಗ ತಲೆಯೆತ್ತಿ ನೋಡಿ. ಮಾಡಿನ ತ್ರಿಕೋನಗಳಲ್ಲಿ ಹದಿನೇಳನೇ ಶತಮಾನದ ಚಿತ್ರಗಳಿವೆ, ಆದರೆ ನಡುಭಾಗದಲ್ಲಿ ಬಹಳಷ್ಟು ತ್ರಿಕೋನಗಳು ಖಾಲಿ. 1993ರ ಆಗಸ್ಟ್ 18ರ ರಾತ್ರಿ ಬೆಂಕಿ ಬಿದ್ದು ಎರಡು ತುದಿ ಬಿಟ್ಟು ಉಳಿದದ್ದೆಲ್ಲ ಸುಟ್ಟಿತು, ಮರುವರ್ಷ ಏಪ್ರಿಲ್‌ನಲ್ಲೇ ಮತ್ತೆ ಕಟ್ಟಿ ಬಾಗಿಲು ತೆರೆದರು. ಆ ಖಾಲಿ ಜಾಗಗಳು ಬೆಂಕಿಯ ಗುರುತು.

ಅಲ್ಲಿಗೇ ನಿಲ್ಲಬೇಡಿ. ನದಿ ಹರಿಯುವ ದಿಕ್ಕಿನಲ್ಲಿ ದಡದಲ್ಲೇ ಸ್ವಲ್ಪ ದೂರ ನಡೆದರೆ ಶ್ಪ್ರಾಯರ್ ಸೇತುವೆ. ದಾರಿಯಲ್ಲಿ ನೀರಿಗೆ ಅಡ್ಡಲಾಗಿ ಸಾಲಾಗಿ ನಿಲ್ಲಿಸಿದ ಮರದ ಕೋಲುಗಳನ್ನು ಗಮನಿಸಿ. ಸುಮ್ನೆ ಬೇಲಿ ಅಂದುಕೊಂಡು ದಾಟಿ ಹೋಗುತ್ತಾರೆ. ಅದು 1860ರ ಸುಮಾರಿಗೆ ಕಟ್ಟಿದ ಅಣೆಕಟ್ಟು. ಸರೋವರದಲ್ಲಿ ನೀರು ಹೆಚ್ಚಾದರೆ ಕೆಲವು ಕೋಲು ಕೀಳುತ್ತಾರೆ, ಕಡಿಮೆಯಾದರೆ ಮತ್ತೆ ನೆಡುತ್ತಾರೆ, ಇವತ್ತಿಗೂ ಕೈಯಿಂದಲೇ. ನೀವು ಬೆಳಿಗ್ಗೆ ಬೋಟಿನಲ್ಲಿ ದಾಟಿದ ಅಷ್ಟೂ ನೀರಿನ ಮಟ್ಟ ಈ ಕೋಲುಗಳ ಲೆಕ್ಕದಲ್ಲಿದೆ. ಶ್ಪ್ರಾಯರ್ ಸೇತುವೆಯ ಚಿತ್ರಗಳಲ್ಲಿ ಸಾವು ಎಲ್ಲ ಕಡೆ ಬರುತ್ತದೆ: ದೊರೆಯ ಪಕ್ಕ, ಮದುಮಗಳ ಪಕ್ಕ, ವ್ಯಾಪಾರಿಯ ಪಕ್ಕ ಅಸ್ಥಿಪಂಜರ ನಿಂತಿರುತ್ತದೆ. ಜನ ಕಡಿಮೆ, ನಿಧಾನವಾಗಿ ನೋಡಬಹುದು. ಮೂಸೆಗ್ ಕೋಟೆಗೋಡೆಯ ಗೋಪುರಗಳ ಮೆಟ್ಟಿಲು ಕಡಿದಾದವು, ಅವು ಮಗಳಿಗೆ ಮಾತ್ರ. ಅಲ್ಲಿನ 1535ರ ಗಡಿಯಾರಕ್ಕೆ ಊರಿನ ಉಳಿದೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮುಂಚೆ ಗಂಟೆ ಹೊಡೆಯುವ ಹಕ್ಕಿದೆ, ಕೆಳಗೆ ನಿಂತೇ ಕೇಳಿಸಿಕೊಳ್ಳಿ.

ಬೆಳಿಗ್ಗೆ ವೆಬ್‌ಕ್ಯಾಮ್‌ನಲ್ಲಿ ಮೋಡವೇ ಕಂಡಿತು ಅಂದುಕೊಳ್ಳಿ. ಆಗಲೂ ವೆಗ್ಗಿಸ್‌ವರೆಗಾದರೂ ಬೋಟಿನಲ್ಲಿ ಹೋಗಿ ಬನ್ನಿ, ಮೋಡ ಬೆಟ್ಟದ ಸೊಂಟದವರೆಗೆ ಇಳಿದಾಗ ಸರೋವರಕ್ಕೆ ಬೇರೆಯೇ ಒಂದು ಗಾಂಭೀರ್ಯ ಬರುತ್ತದೆ. ಮಳೆಯೇ ಹಿಡಿದರೆ ಫೆರ್ಕೇರ್ಸ್‌ಹೌಸ್, ಅಂದರೆ ಸಾರಿಗೆ ಮ್ಯೂಸಿಯಂ. ನಿಲ್ದಾಣದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಹಳೆಯ ರೈಲು, ವಿಮಾನ, ಬೋಟು ನೋಡುತ್ತಾ ಅರ್ಧ ದಿನ ಸಲೀಸಾಗಿ ಹೋಗುತ್ತದೆ.

ಪಾಸಿನ ವಿಷಯ. ಸ್ವಿಸ್ ಟ್ರಾವೆಲ್ ಪಾಸ್ ಕನಿಷ್ಠ ಮೂರು ದಿನದ್ದು. ಅದರಲ್ಲಿ ರೈಲು, ಈ ಬೋಟು, ರಿಗಿ ಎಲ್ಲ ಬಂತು, ಪಿಲಾಟಸ್ ಮತ್ತು ಟಿಟ್ಲಿಸ್‌ಗೆ ಅರ್ಧ ದರ. ಆದರೆ ಲುಸರ್ನ್ ಒಂದಕ್ಕೇ ಅದನ್ನು ಕೊಂಡರೆ ನಷ್ಟ. ಮಗಳು ಅಲ್ಲಿನ ನಿವಾಸಿ, ಆದ್ದರಿಂದ ಅವಳಿಗೆ ಆ ಪಾಸ್ ಕೊಡುವುದೇ ಇಲ್ಲ, ಅದು ಹೊರಗಿನಿಂದ ಬಂದವರಿಗೆ ಮಾತ್ರ. ಅವಳ ಹತ್ತಿರ ಅರ್ಧ ದರದ ಕಾರ್ಡು ಇದ್ದೇ ಇರುತ್ತದೆ. ನಿಮ್ಮಿಬ್ಬರಿಗೆ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆಪ್‌ನಲ್ಲಿ ರಿಯಾಯಿತಿಯ ಒಂದು ದಿನದ ಪಾಸ್ ಸಿಗುತ್ತದಾ ಅಂತ ಅವಳು ಈಗಲೇ ನೋಡಲಿ, ಮುಂಚೆ ಕೊಂಡಷ್ಟೂ ಅಗ್ಗ, ದಿನ ಹತ್ತಿರ ಬಂದಂತೆ ದರ ಏರುತ್ತದೆ. ಒಂದು ತೊಂದರೆ ಏನೆಂದರೆ ಅದು ಆ ತಾರೀಕಿಗೆ ಗಂಟು, ಮೋಡ ಬಂತು ಅಂತ ದಿನ ಬದಲಿಸಲಾಗದು. ರಜೆಯ ದಿನ ಹೇಗೂ ಒಂದೇ ಆದ್ದರಿಂದ ನಿಮಗೆ ಅದರಿಂದ ನಷ್ಟವಿಲ್ಲ. ಜೂರಿಕ್‌ನಲ್ಲಿ ಇನ್ನೂ ಒಂದು ತಿಂಗಳು ಇದ್ದು ಅಲ್ಲಿ ಇಲ್ಲಿ ತಿರುಗುವ ಯೋಚನೆಯಿದ್ದರೆ ಪ್ರವಾಸಿಗರಿಗೆಂದೇ ಇರುವ ಒಂದು ತಿಂಗಳ ಅರ್ಧ ದರದ ಕಾರ್ಡು ಎಲ್ಲಕ್ಕಿಂತ ಒಳ್ಳೆಯದು. ಭಾನುವಾರವಾದರೆ ಊರಿನ ಅಂಗಡಿಗಳು ಮುಚ್ಚಿರುತ್ತವೆ, ಚಾಕೊಲೇಟು, ಹಣ್ಣು ಏನು ಬೇಕಿದ್ದರೂ ನಿಲ್ದಾಣದೊಳಗಿನ ಅಂಗಡಿಗಳಲ್ಲೇ ಕೊಳ್ಳಬೇಕು.